ಹಳೇ ಥಿಂಕ್‌ಪ್ಯಾಡ್‌ಗೆ ರ‍್ಯಾಮ್: ಎಂ.ಜಿ. ರಸ್ತೆಯ ಮಹಡಿ ಅಂಗಡಿಗೆ ನಾಲ್ಕು ಸ್ಟಾರ್

ಹೊರದೇಶದಲ್ಲಿ ಕೂತು ಹಳೇ ಲ್ಯಾಪ್‌ಟಾಪ್ ಓಡಿಸುತ್ತಿರುವವರು ಇದನ್ನು ಓದಿ. ಈ ಸಲ ರಜೆಗೆ ಊರಿಗೆ ಬಂದಾಗ ತುಮಕೂರಿನ ಎಂ.ಜಿ. ರಸ್ತೆಯ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಮೆಮೊರಿ, ಅಂದರೆ ರ‍್ಯಾಮ್ ಹಾಕಿಸಿದೆ. ಐದಕ್ಕೆ ನಾಲ್ಕು ಸ್ಟಾರ್. ಅಂಗಡಿಯ ಹೆಸರು ಬರೆಯಲ್ಲ. "ಇಂಟರ್‌ನೆಟ್ಟಿಗೆ ಹಾಕ್ಬೇಡಮ್ಮ, ಆಮೇಲೆ ಎಲ್ರೂ ಫೋನಲ್ಲೇ ರೇಟ್ ಕೇಳ್ತಾರೆ, ಬರೋರು ಯಾರೂ ಇರಲ್ಲ" ಅಂತ ಮಾಲೀಕರೇ ಹೇಳಿದರು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಇವರದು. ಹುಡುಕಿದರೆ ಸಿಗುತ್ತದೆ.

ನನ್ನದು ಲೆನೊವೊ ಥಿಂಕ್‌ಪ್ಯಾಡ್ ಟಿ440ಪಿ. 2013ರಲ್ಲಿ ಬಂದ ಮಾಡೆಲ್. ಇಲ್ಲಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕೆಲಸ ಸಿಕ್ಕಿ ಜರ್ಮನಿಗೆ ಹೋದಾಗ ಅದೂ ಜೊತೆಗೆ ಬಂತು. ಟಚ್‌ಪ್ಯಾಡ್ ದರಿದ್ರ. ಬಟನ್ನೇ ಇಲ್ಲ, ಇಡೀ ಪ್ಯಾಡೇ ಟಪ್ ಅಂತ ಕೆಳಗಿಳಿಯುತ್ತದೆ. ಅದೊಂದು ಬಿಟ್ಟರೆ ಗಟ್ಟಿ ಆಸಾಮಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದರ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ ಬದಲು ಬಿಟ್ಟಿಯಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಮಿಂಟೇನೋ ಹಗುರ, ಬ್ರೌಸರ್ ಹಗುರ ಅಲ್ವಲ್ಲ! 4 ಜಿಬಿ ರ‍್ಯಾಮಿನಲ್ಲಿ ಒಂದಷ್ಟು ಟ್ಯಾಬ್ ತೆರೆದು ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. "ಏನೇ, ಕೇಳಿಸ್ತಿದ್ಯಾ?" ಅನ್ನೋದು ಮಾತ್ರ ಕೇಳಿಸುತ್ತಿತ್ತು.

ರ‍್ಯಾಮ್ ಜಾಸ್ತಿ ಮಾಡಿದರೆ ಆಯ್ತು, ಅದೇನು ದೊಡ್ಡ ವಿಷಯ ಅನ್ನಿಸಬಹುದು. ಎಡವಟ್ಟು ಆಗೋದು ಎಲ್ ಅನ್ನುವ ಒಂದು ಅಕ್ಷರದಲ್ಲಿ. ಇದಕ್ಕೆ ಬೇಕಾಗಿರುವುದು ಡಿಡಿಆರ್3ಎಲ್ ಅನ್ನುವ ಬಗೆಯದು. 1.35 ವೋಲ್ಟಿನಲ್ಲಿ ಓಡುವಂಥದ್ದು. ಅದಕ್ಕಿಂತ ಹಳೆಯ ಡಿಡಿಆರ್3 ಕೇಳುವುದು 1.5 ವೋಲ್ಟ್. ಎರಡಕ್ಕೂ 204 ಪಿನ್, ಕಚ್ಚು ಇರುವ ಜಾಗವೂ ಒಂದೇ, ಸ್ಲಾಟಿಗೆ ಎರಡೂ ಸಲೀಸಾಗಿ ಕೂರುತ್ತವೆ. ಆದರೆ ಈ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳು ಕೊಡುವುದು 1.35 ಮಾತ್ರ. 1.5ರ ಸ್ಟಿಕ್ (ಮೆಮೊರಿಯ ಪಟ್ಟಿ) ಹಾಕಿದರೆ ಅದೃಷ್ಟ ಇದ್ದರೆ ಆನ್ ಆಗುತ್ತದೆ, ಇಲ್ಲದಿದ್ದರೆ ಬೀಪ್ ಅಂತ ಬಡಿದುಕೊಂಡು ಪರದೆ ಕಪ್ಪಾಗಿಯೇ ಇರುತ್ತದೆ. ಇನ್ನೊಂದು ವಿಷಯ. ಎರಡು ಸ್ಲಾಟ್ ಇವೆ, ಒಂದೊಂದಕ್ಕೆ 8 ಜಿಬಿಯೇ ಮಿತಿ. 16 ಜಿಬಿಯ ಒಂದೇ ಸ್ಟಿಕ್ ಕಣ್ಣಿಗೆ ಬಿದ್ದರೆ ಆಸೆಪಡಬೇಡಿ, ಇದರಲ್ಲಿ ಓಡಲ್ಲ.

ಜರ್ಮನಿಯಲ್ಲಿ ಪ್ರಯತ್ನ ಮಾಡದೆ ಇರಲಿಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಪಟ್ಟಿಯಲ್ಲಿ ಡಿಡಿಆರ್3ಎಲ್ ಅಂತಲೇ ಬರೆದಿದ್ದ. ಡಬ್ಬಿ ಬಿಚ್ಚಿದರೆ ಲೇಬಲ್ ಮೇಲೆ ಎಲ್ ಇಲ್ಲ. ಅಲ್ಲಿ ಆನ್‌ಲೈನ್ ಅಂಗಡಿಯಿಂದ ತಗೊಂಡಿದ್ದನ್ನು 14 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ, ಹಾಗಾಗಿ ದುಡ್ಡೇನೋ ಬಂತು. ರಿಪೇರಿ ಅಂಗಡಿಗೆ ಹೋದರೆ ರ‍್ಯಾಮಿನ ಬೆಲೆಗಿಂತ ಕೂಲಿಯೇ ಜಾಸ್ತಿ ಹೇಳಿದರು. ಜೊತೆಗೆ "ಹೊಸದು ತಗೊಳ್ಳಿ" ಅನ್ನುವ ಬಿಟ್ಟಿ ಸಲಹೆ. ಇನ್ನು ಅಮ್ಮ, "ಇಲ್ಲೇ ತಗೊಂಡು ಚಟ್ನಿಪುಡಿ ಪಾರ್ಸಲ್ ಜೊತೆ ಹಾಕ್ತೀನಿ ಬಿಡು" ಅಂದರು. ಮನೆಯಿಂದ ಮನೆಗೆ ಬರುವ ಉಡುಗೊರೆ 45 ಯೂರೋ ಒಳಗಿದ್ದರೆ ತೆರಿಗೆ ಇಲ್ಲ. ದಾಟಿದರೆ ತೆರಿಗೆ, ಮೇಲೆ ಕಸ್ಟಮ್ಸ್ ಆಫೀಸಿಗೆ ಅಲೆದಾಟ. ಅದೂ ಅಲ್ಲದೆ ತಪ್ಪು ಸ್ಟಿಕ್ ಬಂದರೆ ವಾಪಸ್ ಕಳಿಸೋದು ಯಾರು? ಬೇಡ, ನಾನೇ ಬರ್ತೀನಿ ಅಂದೆ.

ನನ್ನ ತಮ್ಮ ತುಮಕೂರಿನ ಈ ಅಂಗಡಿಯವರ ನಂಬರ್ ಕೊಟ್ಟ. ರೇಟ್ ಕೇಳಿ ವಾಟ್ಸಾಪ್ ಮಾಡಿದೆ. ಬಂದ ಉತ್ತರದಲ್ಲಿ ರೇಟೇ ಇಲ್ಲ. "ಒಳಗಿರೋ ರ‍್ಯಾಮ್ ಲೇಬಲ್ ಫೋಟೋ ಕಳ್ಸಿ." ನನಗೆ ಹಿಡಿಸಿದ್ದು ಇದೇ. ಬೇರೆ ಕಡೆ ಕೇಳಿದರೆ ಮಾಡೆಲ್ ಕೂಡ ಕೇಳದೆ "8 ಜಿಬಿ ಇದೆ, ಬನ್ನಿ" ಅಂದುಬಿಡುತ್ತಾರೆ. ನನ್ನ ಸ್ಟಿಕ್ ಮೇಲೆ ಪಿಸಿ3ಎಲ್-12800ಎಸ್ ಅಂತಿತ್ತು. 3ರ ಪಕ್ಕದ ಎಲ್ ಅಂದರೆ ಕಡಿಮೆ ವೋಲ್ಟೇಜ್, 12800 ಅಂದರೆ 1600ರ ಸ್ಪೀಡು, ಕೊನೆಯ ಎಸ್ ಅಂದರೆ ಲ್ಯಾಪ್‌ಟಾಪ್ ಸೈಜು. ಬಿಚ್ಚೋಕೆ ಭಯ ಆದರೆ ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಅನ್ನುವ ಕಮಾಂಡ್ ಇದೆ, ಪಾರ್ಟ್ ನಂಬರ್ ಸಮೇತ ತೋರಿಸುತ್ತದೆ. ಕಿಂಗ್‌ಸ್ಟನ್ ಕಂಪನಿಯದರಲ್ಲಿ ಕೆವಿಆರ್16ಎಲ್‌ಎಸ್11/8 ಅಂದರೆ ಸರಿಯಾದದ್ದು, ಕೆವಿಆರ್16ಎಸ್11/8 ಅಂದರೆ 1.5 ವೋಲ್ಟಿನದು. ನಡುವಿನ ಎಲ್ ನೋಡಿಕೊಳ್ಳಿ.

ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ. ಮಾಲೀಕರು ಡ್ರಾಯರಿನಿಂದ ಸ್ಯಾಮ್‌ಸಂಗ್‌ನ ಎರಡು ಸ್ಟಿಕ್ ತೆಗೆದರು. ಹಳೇ ಆಫೀಸ್ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ್ದು ಅಂತ ಮುಚ್ಚಿಡದೆ ಹೇಳಿದರು. ಮೊಬೈಲ್ ಟಾರ್ಚ್ ಹಾಕಿ ಲೇಬಲ್ ಓದಿಸಿದರು, ನನ್ನ ಕೈಯಲ್ಲೇ. ಆಮೇಲೆ ಶಾಲೆ ಮಕ್ಕಳ ರಬ್ಬರ್ ತಗೊಂಡು ಚಿನ್ನದ ಬಣ್ಣದ ಪಿನ್‌ಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದರು. ಕಪ್ಪು ಪುಡಿ ಉದುರಿತು. ಬ್ರಷ್‌ನಲ್ಲಿ ಗುಡಿಸಿ, ಲ್ಯಾಪ್‌ಟಾಪಿನ ಬ್ಯಾಟರಿ ಹೊರಗೆ ತೆಗೆದು, ಹಿಂದಿನ ಎರಡು ಸ್ಕ್ರೂ ಸಡಿಲಿಸಿ ಮುಚ್ಚಳ ಜಾರಿಸಿದರು. ಈ ಮಾಡೆಲಿನಲ್ಲಿ ಅಷ್ಟೇ ಕೆಲಸ. ಈಗ ಬರುವ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಾಯಿಸುವ ಮಾತೇ ಇಲ್ಲ. ಓರೆಯಾಗಿ ತೂರಿಸಿ ಒತ್ತಿದರು. ಎರಡೂ ಪಕ್ಕದ ಕ್ಲಿಪ್ ಟಕ್ ಅಂದವು.

"ಇವತ್ತು ರಾತ್ರಿ ಮೆಮ್‌ಟೆಸ್ಟ್ ಹಾಕಮ್ಮ. ಕೆಂಪಗೆ ಏನಾದ್ರೂ ಬಂದ್ರೆ ನಾಳೆ ತಗೊಂಡ್ ಬಾ. ಅಲ್ಲಿಗೆ ಹೋದ್ಮೇಲೆ ಫೋನ್ ಮಾಡಿದ್ರೆ ನಾನೇನ್ ಮಾಡ್ಲಿ?" ಅಂದರು. ಅವರ ಮಾತಲ್ಲಿ ನ್ಯಾಯ ಇತ್ತು. ಮೆಮೊರಿಯಲ್ಲಿ ದೋಷ ಇದೆಯಾ ಅಂತ ನೋಡುವ ಮೆಮ್‌ಟೆಸ್ಟ್86+ ಬಿಟ್ಟಿಯಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ, ಆನ್ ಮಾಡುವಾಗ ಎಫ್12 ಒತ್ತಿ ಅದರಿಂದ ಬೂಟ್ ಮಾಡಿದೆ. ಮಧ್ಯದಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಕಾಪಾಡಿತು. ಬೆಳಗ್ಗೆ ನೋಡಿದರೆ ಕೆಂಪು ಸಾಲುಗಳು. ಒಂದೊಂದೇ ಸ್ಟಿಕ್ ಹಾಕಿ ನೋಡಿದೆ, ಒಂದರಲ್ಲೇ ದೋಷ. ಲ್ಯಾಪ್‌ಟಾಪ್ ಮಾತ್ರ ಮಿಂಟ್‌ಗೆ ಆರಾಮಾಗಿ ಬೂಟ್ ಆಗುತ್ತಿತ್ತು! ಟೆಸ್ಟ್ ಮಾಡದೆ ಹೋಗಿದ್ದರೆ ಅಲ್ಲಿ ಆಗಾಗ ಹ್ಯಾಂಗ್ ಆಗುವುದಕ್ಕೆ ಮಿಂಟನ್ನೇ ಬೈದುಕೊಂಡು ಕೂತಿರುತ್ತಿದ್ದೆ.

ಅಂಗಡಿಗೆ ಒಯ್ದೆ. ವಾದ ಇಲ್ಲ, "ನೀವೇ ಏನೋ ಮಾಡಿರ್ತೀರ" ಅನ್ನೋದೂ ಇಲ್ಲ. ತಮ್ಮ ಟೇಬಲ್ ಮೇಲಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು, ಅಲ್ಲೂ ಕೆಂಪು ಬಂತು. ಆ ಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆದು ಕಸದ ಡಬ್ಬಕ್ಕೆ ಎಸೆದರು. ವಾಪಸ್ ಡ್ರಾಯರಿಗೆ ಹಾಕಲಿಲ್ಲ. ಬದಲಿಗೆ ಹೈನಿಕ್ಸ್‌ನದು ಕೊಟ್ಟರು. ಕಂಪನಿ ಬೇರೆಯಾದರೂ ವೋಲ್ಟೇಜ್, ಸ್ಪೀಡ್, ಸೈಜ್ ಹೊಂದಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನನಗಂತೂ ಎರಡನೇ ರಾತ್ರಿಯ ಟೆಸ್ಟ್ ಪೂರ್ತಿ ಪಾಸ್.

ಒಂದು ಸ್ಟಿಕ್‌ಗೆ 1,300 ರೂಪಾಯಿ. ಹಾಕಿದ್ದಕ್ಕೆ ಕೂಲಿ ತಗೊಳ್ಳಲಿಲ್ಲ. ಈಗ 16 ಜಿಬಿ ಇದೆ. ಅದರಲ್ಲಿ ಸ್ವಲ್ಪವನ್ನು ಗ್ರಾಫಿಕ್ಸ್ ತಿನ್ನುತ್ತದೆ, ಹಾಗಾಗಿ ಪರದೆಯಲ್ಲಿ ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ. ಎರಡು ಸ್ಲಾಟಿನಲ್ಲೂ ಒಂದೇ ಅಳತೆಯದು ಇರುವುದರಿಂದ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುವ ಹಾಗೆ ಓಡುತ್ತದೆ, ವಿಡಿಯೋದಲ್ಲಿ ವ್ಯತ್ಯಾಸ ಕಾಣುತ್ತದೆ. ಪ್ರೊಸೆಸರ್ ಹಳೆಯದೇ, ಪವಾಡ ಏನೂ ಆಗಿಲ್ಲ. ಟ್ಯಾಬ್ ಬದಲಾಯಿಸುವಾಗ ಕಾಯುವುದು ತಪ್ಪಿದೆ, ಅಷ್ಟೇ.

ಒಂದು ಸ್ಟಾರ್ ಕತ್ತರಿಸಿದ್ದು ಬಿಲ್ ವಿಷಯಕ್ಕೆ. ಕೇಳಿದ ಮೇಲೆ ಕೊಟ್ಟರು, ಅದೂ ಚೀಟಿಯಲ್ಲಿ "ರ‍್ಯಾಮ್ 2" ಅಂತ ಬರೆದು. ಸೀರಿಯಲ್ ನಂಬರ್ ಇಲ್ಲ. ಮೂರು ತಿಂಗಳ ಗ್ಯಾರಂಟಿ ಬಾಯಿಮಾತಿನದು, ಅದೂ ಈ ಅಂಗಡಿಯ ಬಾಗಿಲಿಗೆ ಮಾತ್ರ. ಊರಲ್ಲಿರುವವರಿಗೆ ಅದು ಸಾಕು. ನಮ್ಮಂಥವರು ವಿಮಾನ ಹತ್ತುವ ಹಿಂದಿನ ದಿನ ಹೋಗಬೇಡಿ, ರಜೆಯ ಮೊದಲ ವಾರವೇ ಹೋಗಿ. ಬೆಳಗ್ಗೆ ಹನ್ನೊಂದಕ್ಕೆ ಮುಂಚೆ ಶಟರ್ ತೆಗೆಯಲ್ಲ, ಭಾನುವಾರ ರಜಾ.