ಗಾಡಿ ಕುದುರೆಗೆ ದಮ್ಮು ಬೆಳೆಸಲು: ದೂರವೋ, ಏರೋ, ವೇಗವೋ?

ತಿಂಗಳುಗಟ್ಟಲೆ ಸುಮ್ನೆ ನಿಂತಿದ್ದ ಕುದುರೆಯನ್ನು ಮತ್ತೆ ಗಾಡಿಗೆ ಹೂಡುತ್ತಿದ್ದೀರಿ. ನಿಧಾನವಾಗಿ ದೂರ ಹೆಚ್ಚಿಸುವುದೋ, ಏರು ಹತ್ತಿಸುವುದೋ, ಬಿಟ್ಟು ಬಿಟ್ಟು ಜೋರಾಗಿ ಓಡಿಸುವುದೋ ಅಂತ ಕೇಳಿದ್ದೀರಿ.

ಮೊದಲು ಕಾಲಿನ ವಿಷಯ. ಕುದುರೆಯ ದಮ್ಮು ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಚೆನ್ನಾಗಿದೆ ಎಂದು ನಂಬಿ ಓಡಿಸಿದರೆ ಕಾಲು ಕೆಡುತ್ತದೆ, ಆ ಪಾಪದ ಪ್ರಾಣಿ ಹೇಳಿಕೊಳ್ಳುವುದೂ ಇಲ್ಲ. ಹಾಗಾಗಿ ಎಳೆಯ ಕುದುರೆಗೆ, ಗಾಯದಿಂದ ಚೇತರಿಸಿಕೊಂಡ ಕುದುರೆಗೆ ನಡಿಗೆ ಮತ್ತು ನಿಧಾನದ ಟ್ರಾಟ್ (ನಡಿಗೆಗಿಂತ ಜೋರಾದ ಹಗುರ ಓಟ) ಬಿಟ್ಟು ನಾನು ಬೇರೇನೂ ಹೇಳುವುದಿಲ್ಲ. ಸಮಯ ಮಾತ್ರ ಜಾಸ್ತಿ ಬೇಕು.

ದಿನಕ್ಕೆ ಸಿಗುವ ಹೊತ್ತು ಕಡಿಮೆ, ಹತ್ತಿರದಲ್ಲಿ ಮಣ್ಣಿನ ಏರು ಇದೆ ಎಂದರೆ ಏರು ಒಳ್ಳೆಯದು. ವೇಗವಿಲ್ಲದೆಯೇ ಹಿಂಗಾಲಿಗೂ ಹೃದಯಕ್ಕೂ ಕೆಲಸ ಸಿಗುತ್ತದೆ. ಆದರೆ ಇಳಿಜಾರಿನಲ್ಲಿ ಗಾಡಿ ಕುದುರೆಯನ್ನು ತಳ್ಳುತ್ತದೆ. ಬ್ರೇಕ್ ಇಲ್ಲದ ಗಾಡಿಗೆ ಬೇಡ.

ಜೋರು ಓಟ ಸ್ಪರ್ಧೆಗೆ ಹೋಗುವವರಿಗೆ, ಅದೂ ನಿಧಾನದ ಕೆಲಸದಿಂದ ಬುನಾದಿ ಬಿದ್ದ ಮೇಲೆ. ನೆಲ ಮೆತ್ತಗಿರಬೇಕು, ಟಾರ್ ರಸ್ತೆ ಬೇಡವೇ ಬೇಡ.

ಯಾವುದನ್ನೇ ಆರಿಸಿಕೊಳ್ಳಿ, ದೂರ ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ. ಕೆಲಸ ನಿಲ್ಲಿಸಿ 15 ನಿಮಿಷವಾದರೂ ಎದೆಬಡಿತ ನಿಮಿಷಕ್ಕೆ 64ಕ್ಕಿಂತ ಕೆಳಗೆ ಬರದಿದ್ದರೆ, ಮುಂದಿನ ಸಲ ದೂರ ಕಡಿಮೆ ಮಾಡಿ.