ನೆರಳನ್ನು ಉಳಿಸಿಕೊಟ್ಟ ಸ್ಟುಡಿಯೋ

ಮಲ್ಪೆ ಬಂದರಿನಲ್ಲಿ ತೆಗೆದ ನನ್ನ ಅಚ್ಚುಮೆಚ್ಚಿನ ಚಿತ್ರವನ್ನು ಉಡುಪಿಯ ರಥಬೀದಿ ಬಳಿಯ ಸ್ಟುಡಿಯೋದಲ್ಲಿ ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಮುದ್ರಿಸಿಕೊಂಡೆ. ಕಡಲ ಕಡೆಯಿಂದ ಓರೆಯಾಗಿ ಬಿದ್ದ ಸಂಜೆ ಬಿಸಿಲಿಗೆ, ಬಲೆ ಸರಿಪಡಿಸುತ್ತಿರುವ ಹಿರಿಯರ ಬೆರಳಿನ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಎಡಮೂಲೆಯ ನೀಲಿ ಹಗ್ಗ ಕಣ್ಣನ್ನು ನೇರವಾಗಿ ಆ ಕೈಗಳಿಗೇ ತಂದು ನಿಲ್ಲಿಸುತ್ತದೆ. ಮುಖ ಅರ್ಧ ನೆರಳಿನಲ್ಲಿದೆ. ಚಿತ್ರದ ಜೀವವೇ ಅದು. ಬೇರೊಂದು ಅಂಗಡಿಯವರು ಕೇಳದೆಯೇ ಅದನ್ನು ಬೆಳಗಿಸಿ, ಚರ್ಮವನ್ನು ನುಣುಪಾಗಿಸಿ ಕೊಟ್ಟಿದ್ದರು. ಬಹಳ ಬೇಸರವಾಗಿತ್ತು. ಇಲ್ಲಿಯವರು ಮೊದಲು ಅಂಗೈಯಗಲದ ಮಾದರಿ ತೆಗೆದು, "ನೆರಳು ಇಷ್ಟಿದ್ದರೆ ಸಾಕೇ, ನೋಡಿ ಸರ್" ಎಂದು ಕಿಟಕಿಯ ಬೆಳಕಿನಲ್ಲಿ ತೋರಿಸಿದರು. ಕಪ್ಪಿನೊಳಗೂ ಕೆನ್ನೆಯ ಅಂಚು ಉಳಿದಿದೆ! ಹಗ್ಗದ ನೀಲಿ ಮಾತ್ರ ಕೊಂಚ ಗಾಢವಾಯಿತು. ಚೌಕಟ್ಟು ಹಾಕಿಸುವವರು ಗಾಜಿಗೂ ಚಿತ್ರಕ್ಕೂ ನಡುವೆ ಅಂತರವಿಡಲು ಹೇಳಿ. ನಮ್ಮ ಮಳೆಗಾಲದ ತೇವಕ್ಕೆ ಎರಡೂ ಅಂಟಿಕೊಳ್ಳುತ್ತವೆ.