ಸ್ಲ್ಯಾಕ್‌ನ ‘ಯೂಸರ್ಸ್ ಲಿಸ್ಟ್’ ಟೂಲ್: ಒಂದು ವರ್ಷಕ್ಕೂ ಜಾಸ್ತಿ ಏಜೆಂಟ್ ಜೊತೆ ಬಳಸಿದ ಮೇಲೆ

ಕೆಲಸ ಚಿಕ್ಕದು. ಆಫೀಸಿನವರು ಮೆಸೇಜ್ ಮಾಡಿಕೊಳ್ಳುವ ಸ್ಲ್ಯಾಕ್ ಆ್ಯಪ್‌ನಲ್ಲಿ ಯಾರ್ಯಾರಿದ್ದಾರೆ ಅಂತ ಎಐ ಏಜೆಂಟ್ (ಹೇಳಿದ ಕೆಲಸವನ್ನು ಟೂಲ್‌ಗಳನ್ನು ಬಳಸಿ ತಾನೇ ಮಾಡುವ ಎಐ) ಕೇಳುತ್ತದೆ, ಟೂಲ್ ಪಟ್ಟಿ ಕೊಡುತ್ತದೆ. ಯಾರನ್ನೂ ಸೇರಿಸುವುದಿಲ್ಲ, ತೆಗೆಯುವುದಿಲ್ಲ, ಹೆಸರು ತಿದ್ದುವುದಿಲ್ಲ. ನಾವು ಬಳಸುವುದು ಎಂಸಿಪಿ ಮೂಲಕ. ಏಜೆಂಟ್ ಹೊರಗಿನ ಟೂಲ್‌ಗಳ ಜೊತೆ ಮಾತಾಡಲಿ ಅಂತ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ತಂದ ಪದ್ಧತಿ ಅದು. ಇಷ್ಟು ದಿನ ಬಳಸಿದ ಮೇಲೆ ನನಗೆ ಅನಿಸಿದ್ದು: ಟೂಲ್ ಗಟ್ಟಿ ಇದೆ. ಆದರೆ ಏಜೆಂಟ್ ಓದಿಕೊಳ್ಳಲಿ ಅಂತ ಅದಕ್ಕೆ ಬರೆದ ವಿವರಣೆ ಕಳಪೆಯಾಗಿದ್ದರೆ ಏಜೆಂಟ್ ತಪ್ಪು ಉತ್ತರವನ್ನೇ ಪೂರ್ತಿ ಧೈರ್ಯದಿಂದ ಹೇಳುತ್ತದೆ.

ನಾವು ಮೊದಲು ಹಾಕಿಕೊಂಡದ್ದು ಏಜೆಂಟ್‌ಗೆ ಟೂಲ್‌ಗಳನ್ನು ಒದಗಿಸುವ ಒಂದು ರೆಡಿಮೇಡ್ ಸರ್ವರ್, ಹೆಸರು ಬೇಡ. ಅದರಲ್ಲಿ ಈ ಟೂಲ್‌ಗೆ ಇದ್ದದ್ದು ಒಂದೇ ಸಾಲು, ‘ಬಳಕೆದಾರರ ಪಟ್ಟಿ ಕೊಡುತ್ತದೆ’. ಒಂದು ಶುಕ್ರವಾರ ಟೀಮಿನವರೊಬ್ಬರು ‘ಪೇಮೆಂಟ್ ಬಗ್ ಮಂಜುನಾಥ್‌ಗೆ ತಿಳಿಸು’ ಅಂದರು. ಬೆಂಗಳೂರಿನ ಆಫೀಸು, ಮಂಜುನಾಥ್‌ಗಳಿಗೆ ಬರವೇ? ಒಬ್ಬರ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಬ್ಬರದು ಮುಂದೆ, ಮತ್ತೊಬ್ಬರು ಬರೀ ‘ಮಂಜು’. ಏಜೆಂಟ್ ಪಟ್ಟಿಯಲ್ಲಿ ಮೊದಲು ಸಿಕ್ಕವರನ್ನು ಟ್ಯಾಗ್ ಮಾಡಿತು. ಅವರು ಕೆಲಸ ಬಿಟ್ಟು ಎಷ್ಟೋ ತಿಂಗಳಾಗಿತ್ತು. ಸೋಮವಾರದವರೆಗೆ ಬಗ್ ಯಾರ ಕಣ್ಣಿಗೂ ಬೀಳಲಿಲ್ಲ.

ಟೂಲ್ ಕೊಟ್ಟ ಮಾಹಿತಿ ಸರಿಯೇ ಇತ್ತು. ಈ ಪಟ್ಟಿಯಲ್ಲಿ ನಿಲ್ಲಿಸಿದ ಖಾತೆಗಳೂ ಬರುತ್ತವೆ ಅಂತ ಸ್ಲ್ಯಾಕ್ ಡಾಕ್ಯುಮೆಂಟೇಶನ್‌ನಲ್ಲೇ ಇದೆ. ಪ್ರತಿ ಖಾತೆಯಲ್ಲೂ ‘ಡಿಲೀಟೆಡ್’ ಅಂತ ಒಂದು ಫೀಲ್ಡ್ ಇರುತ್ತದೆ, ಬಾಟ್ (ಮನುಷ್ಯರಲ್ಲದ, ಪ್ರೋಗ್ರಾಂನ ಖಾತೆ) ಹೌದೋ ಅಲ್ಲವೋ ಅಂತ ಇನ್ನೊಂದು. ಅವನ್ನು ನೋಡಬೇಕು ಅಂತ ಏಜೆಂಟ್‌ಗೆ ಹೇಳಿದವರು ಯಾರು? ಅದರ ಕಣ್ಣಿಗೆ ಬಿದ್ದದ್ದು ಆ ಒಂದು ಸಾಲು ಮಾತ್ರ.

ಇನ್ನೊಂದು ತಲೆನೋವು ಪುಟಗಳದ್ದು. ಒಂದು ಸಲಕ್ಕೆ 200ಕ್ಕಿಂತ ಜಾಸ್ತಿ ಹೆಸರು ಕೇಳಬೇಡಿ ಅನ್ನುವುದು ಸ್ಲ್ಯಾಕ್ ಸಲಹೆ. ಉಳಿದದ್ದು ಬೇಕಾದರೆ ಉತ್ತರದ ಜೊತೆ ಬರುವ ‘ನೆಕ್ಸ್ಟ್ ಕರ್ಸರ್’ (ಮುಂದಿನ ಪುಟದ ಗುರುತು) ತೆಗೆದುಕೊಂಡು ಮತ್ತೆ ಕೇಳಬೇಕು, ಅದು ಖಾಲಿ ಬಂದಾಗ ಪಟ್ಟಿ ಮುಗಿಯಿತು ಅಂತ ಲೆಕ್ಕ. ಇಲ್ಲೇ ಇರುವುದು ಮುಖ್ಯ ವಿಷಯ. ಕೇಳಿದ್ದಕ್ಕಿಂತ ಕಡಿಮೆ ಹೆಸರು ಬಂದರೂ ಪಟ್ಟಿ ಇನ್ನೂ ಬಾಕಿ ಇರಬಹುದು. ಏಜೆಂಟ್ ಮಾತ್ರ ಕಡಿಮೆ ಬಂತಲ್ಲ, ಮುಗಿಯಿತು ಅಂದುಕೊಂಡು ‘ಆ ಹೆಸರಿನವರು ಇಲ್ಲಿ ಇಲ್ಲ’ ಅಂದುಬಿಡುತ್ತದೆ. ‘ಇಲ್ಲ’ ಅನ್ನುವ ಉತ್ತರವನ್ನು ನಾವು ಯಾರೂ ಪರೀಕ್ಷೆ ಮಾಡುವುದಿಲ್ಲ ಅಲ್ವಾ, ಅದಕ್ಕೇ ಇದು ಜಾಸ್ತಿ ಅಪಾಯ.

ಆಮೇಲೆ ವಿವರಣೆಯನ್ನು ನಾವೇ ಹೊಸದಾಗಿ ಬರೆದೆವು. ನಿಲ್ಲಿಸಿದ ಖಾತೆಗಳನ್ನೂ ಬಾಟ್‌ಗಳನ್ನೂ ಬಿಡು. ಕರ್ಸರ್ ಖಾಲಿ ಆಗುವವರೆಗೆ ‘ಇಲ್ಲ’ ಅನ್ನಬೇಡ. ಒಂದೇ ಹೆಸರಿನ ಇಬ್ಬರು ಸಿಕ್ಕರೆ ಆರಿಸಬೇಡ, ಕೇಳು. ಯಾರನ್ನೇ ಟ್ಯಾಗ್ ಮಾಡುವಾಗಲೂ ಹೆಸರಿನ ಬದಲು ಐಡಿ ಬಳಸು. ಆಗ ಕೋಡ್‌ನಲ್ಲಿ ಒಂದಕ್ಷರ ಬದಲಿಸಲಿಲ್ಲ, ಆದರೂ ತಪ್ಪು ಟ್ಯಾಗ್‌ಗಳು ಹೆಚ್ಚುಕಡಿಮೆ ನಿಂತೇ ಹೋದವು. ಈಗ ಮಂಜುನಾಥ್ ಅಂದರೆ ‘ಯಾವ ಮಂಜುನಾಥ್?’ ಅಂತ ತಿರುಗಿ ಕೇಳುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

‘ರೀಡ್ ಓನ್ಲಿ’ (ಓದುವುದಕ್ಕೆ ಮಾತ್ರ) ಅನ್ನುವ ಮಾತಿನ ಬಗ್ಗೆಯೂ ಹೇಳಲೇಬೇಕು. ಟೂಲ್‌ಗೆ ‘ರೀಡ್ ಓನ್ಲಿ ಹಿಂಟ್’ ಅಂತ ಗುರುತು ಹಾಕುವ ವ್ಯವಸ್ಥೆ ಎಂಸಿಪಿಯಲ್ಲಿ 2025ರ ಮಾರ್ಚ್‌ನಿಂದ ಇದೆ. ಇದು ಬರೀ ಸುಳಿವು, ಬೀಗ ಅಲ್ಲ. ನಂಬಿಕೆಯ ಸರ್ವರ್‌ನಿಂದ ಬಂದಿಲ್ಲದಿದ್ದರೆ ಇಂಥ ಗುರುತುಗಳನ್ನು ನಂಬಬೇಡಿ ಅಂತ ಎಂಸಿಪಿ ನಿಯಮವೇ ಹೇಳುತ್ತದೆ. ನಿಜವಾದ ಬೀಗ ಇರುವುದು ಟೋಕನ್‌ನಲ್ಲಿ, ಅಂದರೆ ಸ್ಲ್ಯಾಕ್ ಒಳಗೆ ಏನೇನು ಮಾಡಬಹುದು ಅಂತ ಅನುಮತಿ ಕೊಡುವ ಗುಪ್ತ ಕೋಡ್‌ನಲ್ಲಿ. ಪಟ್ಟಿ ಓದಲು ‘ಯೂಸರ್ಸ್ ರೀಡ್’ ಅನುಮತಿ ಸಾಕು. ಮೆಸೇಜ್ ಕಳಿಸುವ ಕೆಲಸಕ್ಕೆ ಬೇರೆ ಟೋಕನ್ ಇಡಿ. ಎಲ್ಲ ಅನುಮತಿ ಇರುವ ಟೋಕನ್ ಕೊಟ್ಟು, ಮೇಲೆ ಓದುವುದಕ್ಕೆ ಮಾತ್ರ ಅಂತ ಬರೆದರೆ ಏನೂ ಪ್ರಯೋಜನ ಇಲ್ಲ.

ಪಟ್ಟಿಯಲ್ಲಿ ಇಮೇಲ್ ವಿಳಾಸವೂ ಬೇಕಾದರೆ ಸ್ಲ್ಯಾಕ್‌ನಲ್ಲಿ ಬೇರೆ ಅನುಮತಿ ಬೇಕು. ಅದು ತುಂಬಾ ಒಳ್ಳೆಯ ನಿರ್ಧಾರ. ಸಹೋದ್ಯೋಗಿಗಳ ವಿವರ ಸುಮ್ನೆ ಏಜೆಂಟ್ ಹಿಂದಿರುವ ಎಐ ಮಾಡೆಲ್‌ಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಪ್ರೊಫೈಲ್‌ನಲ್ಲಿ ಫೋನ್ ನಂಬರ್, ಫೋಟೋ ಲಿಂಕ್ ಎಲ್ಲ ಇರಬಹುದು. ನಾವು ಅವನ್ನು ಸರ್ವರ್‌ನಲ್ಲೇ ಕತ್ತರಿಸಿ ಐಡಿ, ಹೆಸರು, ಹುದ್ದೆ, ಜೊತೆಗೆ ಆ ‘ಡಿಲೀಟೆಡ್’ ಮತ್ತು ಬಾಟ್ ಫೀಲ್ಡ್‌ಗಳನ್ನು ಮಾತ್ರ ಕಳಿಸುತ್ತೇವೆ. ಮಾಡೆಲ್ ಓದಬೇಕಾದ ಪಠ್ಯ ಕಡಿಮೆಯಾಗಿ ಖರ್ಚೂ ಕಡಿಮೆ ಆಯಿತು.

ನೋಷನ್ (ಟೀಮಿನ ನೋಟ್ಸ್, ಡಾಕ್ಯುಮೆಂಟ್ ಇಡುವ ಆ್ಯಪ್) ಕೂಡ ಬಳಸುವವರಿಗೆ ಒಂದು ಮಾತು. ಅದರ ಎಪಿಐ (ಬೇರೆ ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ಕೊಡುವ ಪಟ್ಟಿಯಲ್ಲಿ ಗೆಸ್ಟ್‌ಗಳು ಬರುವುದೇ ಇಲ್ಲ, ಒಂದು ಸಲಕ್ಕೆ ಸಿಗುವುದೂ 100 ಹೆಸರು ಮಾತ್ರ. ಸ್ಲ್ಯಾಕ್‌ಗೆ ಬರೆದ ವಿವರಣೆಯನ್ನು ಅಲ್ಲಿಗೆ ಕಾಪಿ ಮಾಡಬೇಡಿ.

ಸಣ್ಣ, ಮಧ್ಯಮ ಟೀಮಿಗೆ ಈ ಟೂಲ್ ಕಣ್ಣುಮುಚ್ಚಿ ಹಾಕಿಕೊಳ್ಳಿ, ವಿವರಣೆ ಮಾತ್ರ ನೀವೇ ಬರೆಯಿರಿ. ಸಾವಿರಾರು ಜನರ ಕಂಪನಿಯಾದರೆ ಇಡೀ ಪಟ್ಟಿ ತರಿಸುವುದು ದಂಡ. ಇಮೇಲ್ ಕೊಟ್ಟರೆ ಒಬ್ಬರನ್ನೇ ಹುಡುಕಿಕೊಡುವ ‘ಲುಕಪ್ ಬೈ ಇಮೇಲ್’ ಇದೆ, ಏಜೆಂಟ್‌ಗೆ ಅದನ್ನು ಕೊಡಿ.